ಆಮೆನ್ ಎನ್ನತಕ್ಕವರು ಯಾರು?

ಕರ್ತನ ದಿನದ ಆರಾಧನೆಯನ್ನು ಮುಂಚಿತವಾಗಿ ಆಲೋಚಿಸಿ ಸಿದ್ಧಪಡಿಸುವದು ಸರಿಯೋ ಅಲ್ಲವೋ ಎಂಬ ಪ್ರಶ್ನೆಯು ನಮ್ಮ ಹಳ್ಳಿಯ ಸಭೆಗಳಲ್ಲಿ ಆಗಾಗ ಏಳುವದುಂಟು. ಕೆಲವರು ಹೇಳುವದೇನಂದರೆ, ಆರಾಧನೆಯು ಪವಿತ್ರಾತ್ಮನ ಕಾರ್ಯವು. ಆತನು ನಡಿಸತಕ್ಕದ್ದನ್ನು ನಾವು ಶನಿವಾರ ರಾತ್ರಿಯೇ ಕಾಗದದ ಮೇಲೆ ಬರೆದಿಟ್ಟರೆ ಅದು ಅವಿಶ್ವಾಸವಲ್ಲವೇ? ಬೇರೆ ಕೆಲವರು ಇದಕ್ಕೆ ಪ್ರತಿಯಾಗಿ, ನಮ್ಮ ಆರಾಧನೆಯು ಒಣಗಿದ ಹುಲ್ಲಿನಂತಾಗಿದೆ, ಯೌವನಸ್ಥರು ಬರುವದಿಲ್ಲ, ಬಂದವರು ತೂಕಡಿಸುತ್ತಾರೆ, ಆದಕಾರಣ ಹೊಸ ಹಾಡು, ವಾದ್ಯ, ಧ್ವನಿವರ್ಧಕ ಮುಂತಾದವುಗಳಿಂದ ಜನರ ಮನಸ್ಸನ್ನು ಎಳೆಯಬೇಕು ಅನ್ನುತ್ತಾರೆ. ಈ ಎರಡು ಪಕ್ಷದವರು ಒಬ್ಬರನ್ನೊಬ್ಬರು ದೂರುತ್ತಿದ್ದರೂ ಒಂದು ವಿಷಯದಲ್ಲಿ ಏಕಮನಸ್ಸುಳ್ಳವರಾಗಿದ್ದಾರೆ. ಇಬ್ಬರ ಕಣ್ಣೂ ಮುಂದೆ ನಿಂತು ನಡಿಸುವವನ ಮೇಲೆಯೇ ಇದೆ. ಹಿಂದೆ ಗೋಡೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತವಳನ್ನು ಇಬ್ಬರೂ ತಿರುಗಿ ನೋಡುವದಿಲ್ಲ.

ಮೊದಲನೆಯ ಪಕ್ಷದವರ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಬಾಯಿಪಾಠದ ಮಂತ್ರಗಳನ್ನೂ ಅರ್ಥ ತಿಳಿಯದ ಆಚಾರಗಳನ್ನೂ ಬಿಟ್ಟುಬಂದ ಕುಟುಂಬಗಳು ನಮ್ಮಲ್ಲಿ ಅನೇಕವಿವೆ. ಬರೆದ ಕ್ರಮವನ್ನು ಕಂಡೊಡನೆ ಅವರ ಮನಸ್ಸು ಹಿಂಜರಿಯುವದು ಆಶ್ಚರ್ಯವಲ್ಲ. ಆದರೆ ಸತ್ಯವೇದವು ಆತ್ಮನನ್ನೂ ಸಿದ್ಧತೆಯನ್ನೂ ಒಂದಕ್ಕೊಂದು ಶತ್ರುಗಳನ್ನಾಗಿ ಮಾಡುವದಿಲ್ಲ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ತೆಗೆದು ನೋಡಿರಿ. ಏಳನೆಯ ತಿಂಗಳಿನ ಮೊದಲನೆಯ ದಿನದಲ್ಲಿ ಜನರೆಲ್ಲರೂ ನೀರುಬಾಗಿಲಿನ ಮುಂದಣ ಬೈಲಿನಲ್ಲಿ ಕೂಡಿದಾಗ ಎಜ್ರನು ನೆಲದ ಮೇಲೆ ನಿಂತು ಓದಲಿಲ್ಲ. ಆ ಕಾರ್ಯಕ್ಕಾಗಿಯೇ ಮಾಡಿದ್ದ ಮರದ ಪೀಠದ ಮೇಲೆ ನಿಂತು ಓದಿದನು. ಅಂದರೆ ಯಾವನೋ ಒಬ್ಬ ಬಡಗಿಯು ಅದಕ್ಕೆ ಮುಂಚೆಯೇ ಮರ ಕೊಯ್ದು, ಉಳಿ ಹಿಡಿದು ಕೆಲಸಮಾಡಿದ್ದನು. ಜನರ ನಡುವೆ ನಿಂತು ಓದಿದ್ದರ ತಾತ್ಪರ್ಯವನ್ನು ತಿಳಿಸುವದಕ್ಕೆ 13 ಮಂದಿಯ ಹೆಸರುಗಳು ಅಲ್ಲಿ ಬರೆಯಲ್ಪಟ್ಟಿವೆ; ಅವರ ಜೊತೆಯಲ್ಲಿ ಲೇವಿಯರು. ಇವರು ಆ ಹೊತ್ತಿಗೆ ಅಕಸ್ಮಾತ್ತಾಗಿ ಎದ್ದುನಿಂತವರೋ? ಬೆಳಗಿನಿಂದ ಮಧ್ಯಾಹ್ನದ ವರೆಗೆ ಕೇಳಿದ ಜನರು ಕೈಗಳನ್ನೆತ್ತಿ ಎರಡು ಸಾರಿ ಆಮೆನ್ ಅಂದರು, ತಲೆಬಾಗಿದರು, ಅತ್ತರು. ಬಡಗಿಯ ಪೀಠವು ಆ ಕಣ್ಣೀರಿಗೆ ಅಡ್ಡಿಯಾಗಲಿಲ್ಲ.

ಇದಲ್ಲದೆ, ಸಿದ್ಧತೆ ಬೇಡವೆನ್ನುವವರಿಗೆ ಕ್ರಮವೇ ಇಲ್ಲವೆಂದು ನೆನಸಬೇಡಿರಿ. ಅವರಿಗೂ ಒಂದು ಕ್ರಮವುಂಟು. ಅದರ ಹೆಸರು ಅಭ್ಯಾಸ. ಆ ಕ್ಷಣದಲ್ಲಿ ಬಂದದ್ದೆಂದು ಹೇಳುವ ಪ್ರಾರ್ಥನೆಯನ್ನು ಒಂದು ವರುಷ ಕೇಳಿದ ಮಕ್ಕಳು ಅದನ್ನು ಅಕ್ಷರಶಃ ಒಪ್ಪಿಸಬಲ್ಲರು. ಯಾವ ಮಾತು ಬಂದಾಗ ಮುಗಿಯುತ್ತದೆಂದು ಬಲ್ಲವರಾಗಿ ಎರಡು ಮಾತು ಮುಂಚೆಯೇ ಕಣ್ಣು ತೆರೆಯುತ್ತಾರೆ. ಹೊತ್ತು ಮೀರಿದ ಮೇಲೆ ಪುಸ್ತಕ ಬಿಚ್ಚಿ ಕೈಗೆ ಸಿಕ್ಕಿದ ಅಧ್ಯಾಯವನ್ನು ಓದುವವನು ಆತ್ಮನಿಗೆ ಸ್ಥಳಕೊಟ್ಟನೆಂದು ಹೇಳುವದು ಹ್ಯಾಗೆ? ಮಲಾಕಿಯನ ಕಾಲದಲ್ಲಿ ಕುಂಟಾದ, ರೋಗಹಿಡಿದ ಪಶುವನ್ನು ಯಜ್ಞವೇದಿಗೆ ತಂದವರನ್ನು ಪ್ರವಾದಿಯು, ನಿಮ್ಮ ಅಧಿಪತಿಗೆ ಇದನ್ನು ಕೊಟ್ಟು ನೋಡಿರಿ, ಅವನು ಮೆಚ್ಚುವನೋ ಎಂಬ ಅರ್ಥದಲ್ಲಿ ಕೇಳಿದನು. ಸಾಹುಕಾರನ ಮನೆಯ ಮದುವೆಗೆ ಹೋಗುವಾಗ ಮೂರು ದಿನ ಮುಂಚೆ ಬಟ್ಟೆ ಒಗೆದಿಡುವ ನಾವು ಈ ಪ್ರಶ್ನೆಗೆ ಏನು ಉತ್ತರ ಕೊಡುವೆವು?

ಇಲ್ಲಿ ಒಬ್ಬನು ಎದ್ದು, ಆರಾಧನೆಯು ದೇವರಿಗೆ ಸಲ್ಲತಕ್ಕದ್ದು, ಮನುಷ್ಯರಿಗಲ್ಲ. ಆದದರಿಂದ ಕೇಳುವವರ ಅನುಕೂಲವನ್ನು ಲೆಕ್ಕಿಸುವದೇ ತಪ್ಪು ಎಂದು ಹೇಳಬಹುದು. ಈ ಮಾತು ಭಕ್ತಿಯುಳ್ಳದ್ದಾಗಿ ಕಾಣುತ್ತದೆ. ಆದರೂ ಇದರೊಳಗೆ ಒಂದು ಮೋಸವಿದೆ. ದೇವರಿಗೆ ಹಸಿವಿಲ್ಲ. ನಮ್ಮ ಹಾಡಿನ ಇಂಪಿನಿಂದ ಆತನು ತೃಪ್ತಿಪಡುವದಿಲ್ಲ. ನ್ಯಾಯವಿಲ್ಲದ ಜನರ ಗೀತಗಳ ಗದ್ದಲವು ಆತನಿಗೆ ಬೇಸರವೆಂದು ಆಮೋಸನು ಸಾರಿದನು. ಆತನಿಗೆ ಅರ್ಪಿಸಲ್ಪಡತಕ್ಕದ್ದು ಹಾಡೂ ಅಲ್ಲ, ಪ್ರಸಂಗವೂ ಅಲ್ಲ, ಕೂಡಿದ ಜನರೇ. ಐವತ್ತು ಮಂದಿ ಕೂಡಿದಾಗ ನಾಲ್ಕು ಮಂದಿಯ ಹೃದಯಮಾತ್ರ ಆ ಮಾತುಗಳೊಂದಿಗೆ ಹೋದರೆ ಉಳಿದ ನಾಲ್ವತ್ತಾರು ಮಂದಿಯನ್ನು ಯಾರು ಅರ್ಪಿಸಿದರು? ಹೀಗಿರುವದರಿಂದ ಕಡೆಯವನನ್ನು ಲೆಕ್ಕಿಸುವದು ಮನುಷ್ಯಮೆಚ್ಚಿಕೆಯಲ್ಲ. ಅದು ಕಾಣಿಕೆಯನ್ನು ಕುಂದಿಲ್ಲದೆ ತರುವದೇ ಸರಿ.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಇದನ್ನೇ ಅಳತೆಗೋಲಾಗಿ ಹಿಡಿದನು. ಆ ಸಭೆಯಲ್ಲಿ ವರಗಳಿಗೆ ಕೊರತೆಯಿರಲಿಲ್ಲ. ಅನ್ಯಭಾಷೆಗಳಲ್ಲಿ ಸ್ತೋತ್ರಮಾಡುವವರು ಇದ್ದರು. ಅವರು ಒಳ್ಳೇ ರೀತಿಯಲ್ಲಿಯೇ ಸ್ತೋತ್ರಮಾಡುತ್ತಾರೆಂದು ಪೌಲನೂ ಒಪ್ಪಿಕೊಂಡನು. ಆದರೆ ಏನೂ ಬಾರದ ಒಬ್ಬನು ತನ್ನ ಸ್ಥಳದಲ್ಲಿ ಕೂತು, ನೀನು ಹೇಳಿದ್ದೇನೆಂದು ತಿಳಿಯದವನಾಗಿ, ಆಮೆನ್ ಎಂದು ಹ್ಯಾಗೆ ಹೇಳಾನು ಎಂದು ಕೇಳಿದನು. ಆಮೆನ್ ಎಂಬದು ಪ್ರಾರ್ಥನೆಯ ಬಾಲವಲ್ಲ. ಸಾಲಪತ್ರದ ಕೆಳಗೆ ಹಾಕುವ ರುಜುವಿನಂಥದು. ಬರೆದದ್ದನ್ನು ಓದಿ ಹೇಳದೆ ಬಡವನ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವ ಸಾಹುಕಾರನ ಅನ್ಯಾಯವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ದೇವಾಲಯದಲ್ಲಿಯೂ ಹಾಗೆಯೇ ಹೆಬ್ಬೆಟ್ಟು ಒತ್ತಿಸುವ ಆರಾಧನೆಗಳುಂಟು. ಉಪದೇಶಿಯು ಪಟ್ಟಣದ ಪುಸ್ತಕದಿಂದ ಕಲಿತ ದೊಡ್ಡ ಮಾತುಗಳನ್ನು ಹರಿಯಬಿಡುತ್ತಾನೆ; ಕಡೆಗೆ ಎಲ್ಲರೂ ಆಮೆನ್ ಅನ್ನುತ್ತಾರೆ. ಯಾವದಕ್ಕೆ ಅಂದರೆಂದು ಕೇಳಿದರೆ ಯಾರೂ ಬಲ್ಲವರಲ್ಲ.

ಓದುಬಾರದವರ ವಿಷಯದಲ್ಲಿ ಹಿಂದಿನವರು ನಮಗಿಂತ ಹೆಚ್ಚು ಚಿಂತಿಸಿದ್ದರು. ಇಂಗ್ಲೆಂಡಿನಲ್ಲಿ 1645ರಲ್ಲಿ ಜಾರಿಗೆ ಬಂದ ವೆಸ್ಟ್‌ಮಿನ್ಸ್ಟರಿನ ಆರಾಧನಾ ನಿರ್ದೇಶಕ್ರಮದಲ್ಲಿ, ಸಭೆಯಲ್ಲಿ ಅನೇಕರಿಗೆ ಓದಲು ಬಾರದಿದ್ದರೆ ಬೋಧಕನಾಗಲಿ ತಕ್ಕವನಾದ ಇನ್ನೊಬ್ಬನಾಗಲಿ ಕೀರ್ತನೆಯನ್ನು ಒಂದೊಂದು ಸಾಲಾಗಿ ಮೊದಲು ಓದಿಹೇಳಬೇಕು, ಆ ಮೇಲೆ ಎಲ್ಲರೂ ಹಾಡಬೇಕು ಎಂದು ಗೊತ್ತುಮಾಡಿದರು. ನಮ್ಮ ದೇಶದ ಭಜನೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮುಂದಾಳು ಒಂದು ನುಡಿಯನ್ನೆತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿಯುತ್ತಾರೆ; ಕುರುಡನೂ ಪೂರ್ಣವಾಗಿ ಪಾಲುಗಾರನಾಗುತ್ತಾನೆ. ಆದರೆ ನಮ್ಮ ಸಭೆಗಳು ಪುಸ್ತಕದ ಸುತ್ತಲೂ ಬೆಳೆದವು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಮಿಶನೆರಿಯ ಪ್ರಯಾಸದಿಂದ 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ದೊರಕಿತು; ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಮುದ್ರಣಾಲಯವು 1841ರಲ್ಲಿ ಹುಟ್ಟಿತು. ಇವು ನಮಗೆ ಬಂದ ದೊಡ್ಡ ಉಪಕಾರಗಳು, ಸಂದೇಹವಿಲ್ಲ. ಆದರೂ ಪುಸ್ತಕವನ್ನು ಹಿಡಿಯಬಲ್ಲವನು ಮುಂದೆ, ಹಿಡಿಯಲಾರದವನು ಹಿಂದೆ ಎಂಬ ಒಂದು ಹೊಸ ಭೇದವು ಅದರ ನೆರಳಿನಲ್ಲಿ ಬಂತು. ಈಗ ಹುಡುಗರೆಲ್ಲರೂ ಓದುತ್ತಾರೆ, ನಿಜ. ಅಜ್ಜಿಯರ ಕಣ್ಣು ಮಾತ್ರ ಮಬ್ಬಾಗಿದೆ. ತಿಂಗಳಿಗೆ ಒಂದು ಗೀತವನ್ನು ಆರಿಸಿ, ನಾಲ್ಕು ವಾರವೂ ಅದನ್ನೇ ಸಾಲುಸಾಲಾಗಿ ಹೇಳಿಕೊಟ್ಟು ಹಾಡಿಸಿದರೆ ವರುಷಕ್ಕೆ 12 ಗೀತಗಳು ಪುಸ್ತಕವಿಲ್ಲದವರ ಬಾಯಲ್ಲಿ ನಿಲ್ಲುವವು. ಆದಿತ್ಯವಾರಕ್ಕೊಂದು ಹೊಸ ಹಾಡನ್ನು ತರುವ ಸಭೆಯಲ್ಲಿ ಇದು ಆಗದು.

ಹಾಡಿನ ಮಾತು ಬಂದದರಿಂದ ಇನ್ನೊಂದನ್ನು ಹೇಳಬೇಕು. ಲಾಟಿನ್ ಭಾಷೆಯ ರಾಗವನ್ನು ಹಾಗೆಯೇ ಇಟ್ಟುಕೊಂಡು ಜರ್ಮನ್ ಮಾತುಗಳನ್ನು ಅದಕ್ಕೆ ತುರುಕುವದು ಕಪಿಗಳ ಅನುಕರಣದಂತಿರುವದು, ಮಾತೂ ಸ್ವರವೂ ಒತ್ತೂ ತಾಯಿನುಡಿಯೊಳಗಿಂದಲೇ ಬರಬೇಕು ಎಂಬ ಅಭಿಪ್ರಾಯವನ್ನು ಮಾರ್ಟಿನ್ ಲೂಥರನು 1525ರಲ್ಲಿ ಬರೆದನು. ಆತನ ದೇಶದಿಂದ ಬಂದ ಸೇವಕರು ಮೂರು ನೂರು ವರುಷಗಳ ಮೇಲೆ ಜರ್ಮನ್ ರಾಗಗಳನ್ನು ಕನ್ನಡಕ್ಕೆ ಕೊಟ್ಟಾಗ ಈ ಬುದ್ಧಿಯನ್ನು ಎಲ್ಲಾ ಕಡೆಯಲ್ಲಿ ನೆನಸಲಿಲ್ಲ. ಕನ್ನಡದಲ್ಲಿ ಹ್ರಸ್ವವೂ ದೀರ್ಘವೂ ಅರ್ಥವನ್ನೇ ಬದಲಾಯಿಸುತ್ತವೆ. ರಾಗವು ಎಳೆಯುವ ಸ್ಥಳದಲ್ಲಿ ಹ್ರಸ್ವಾಕ್ಷರ ಬಿದ್ದರೆ ಪದವು ಪಾದವಾಗುವದು, ಮನವು ಮಾನವಾಗುವದು. ದೇವರ ಹತ್ತಿರ ಬಲವನ್ನು ಬೇಡಬೇಕಾದವನು ಬಾಲವನ್ನು ಬೇಡುವನು. ಮಕ್ಕಳು ನಕ್ಕರೆ ಮಕ್ಕಳನ್ನು ಗದರಿಸುತ್ತೇವೆ. ಆದರೆ ಆ ಸೇವಕರಲ್ಲಿಯೂ ಇದನ್ನು ಕಂಡುಕೊಂಡವರಿದ್ದರು. ನಿಘಂಟಿನ ಕರ್ತೃವಾದ ಫೆರ್ಡಿನೆಂಡ್ ಕಿಟ್ಟೆಲರು 1862ರಲ್ಲಿ ಹೊರತಂದ ಕಥಾಮಾಲೆಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಪದ್ಯರೀತಿಯಲ್ಲಿಯೇ ಹಾಡಿದರು. ನಮ್ಮ ಅಜ್ಜಂದಿರು ಪ್ರೀತಿಸಿದ ಹಳೆಯ ರಾಗಗಳನ್ನು ಎಸೆದುಬಿಡಬೇಕೆಂದು ನಾನು ಹೇಳುವದಿಲ್ಲ. ಎಷ್ಟೋ ಮಂದಿ ಆ ರಾಗಗಳನ್ನು ಕೇಳುತ್ತಾ ಕಣ್ಣುಮುಚ್ಚಿದ್ದಾರೆ. ಗೀತವನ್ನು ಆರಿಸುವವನು ಅದನ್ನು ಮನೆಯಲ್ಲಿ ಒಂದು ಸಾರಿ ಗಟ್ಟಿಯಾಗಿ ಹಾಡಿ, ಮಾತು ಮಾತಾಗಿಯೇ ಉಳಿಯುವದೋ ಎಂದು ನೋಡಿಕೊಳ್ಳಲಿ, ಅಷ್ಟೇ.

ಆರಾಧನೆಯ ಹೊತ್ತು ಯಾವದೆಂಬದು ಚಿಕ್ಕ ಸಂಗತಿಯಾಗಿ ತೋರಬಹುದು. ಆದರೆ ಕೊರಿಂಥದಲ್ಲಿ ಜಗಳವು ಹುಟ್ಟಿದ್ದು ಇದಕ್ಕೆ ಸಮೀಪವಾದ ಒಂದು ಕಾರಣದಿಂದಲೇ. ಕರ್ತನ ಭೋಜನಕ್ಕೆ ಅನುಕೂಲವುಳ್ಳವರು ಮೊದಲೇ ಬಂದು ತಿಂದು ಕುಡಿದರು. ಇಲ್ಲದವರು ಹಸಿದೇ ಉಳಿದರು. ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಎಂಬ ಅಪೊಸ್ತಲನ ಅಪ್ಪಣೆಯು ವೇದಾಂತದ ಮಾತಲ್ಲ, ಹೊತ್ತಿನ ಮಾತು. ಬಿಥೂನ್ಯದ ಅಧಿಪತಿಯಾದ ಪ್ಲಿನಿಯು ಸುಮಾರು 112ರಲ್ಲಿ ಚಕ್ರವರ್ತಿಗೆ ಬರೆದ ಕಾಗದದಲ್ಲಿ, ಕ್ರೈಸ್ತರು ಗೊತ್ತಾದ ದಿನದಲ್ಲಿ ಬೆಳಗಾಗುವದಕ್ಕೆ ಮುಂಚೆ ಕೂಡಿ, ಕ್ರಿಸ್ತನನ್ನು ದೇವರೆಂದು ಸರದಿಯಾಗಿ ಹಾಡಿ ಸ್ತುತಿಸುತ್ತಾರೆ, ಕದಿಯುವದಿಲ್ಲ, ವ್ಯಭಿಚಾರ ಮಾಡುವದಿಲ್ಲ, ಕೊಟ್ಟ ಮಾತಿಗೆ ತಪ್ಪುವದಿಲ್ಲವೆಂದು ಪ್ರಮಾಣಮಾಡುತ್ತಾರೆ ಎಂದು ತಿಳಿಸಿದನು. ಸಂಗತಿಯನ್ನು ಹೊರಗೆಡವುವದಕ್ಕಾಗಿ ಅವನು ಹಿಂಸಿಸಿದ ಇಬ್ಬರು ಸ್ತ್ರೀಯರು ದಾಸಿಯರಾಗಿದ್ದರು. ಸಭೆಯಲ್ಲಿ ಅವರಿಗೆ ಸೇವಕಿಯರೆಂಬ ಹೆಸರಿತ್ತು. ಬೆಳಗಾದ ಮೇಲೆ ದಾಸಿಗೆ ಹೊತ್ತು ಎಲ್ಲಿಯದು? ಚಕ್ರವರ್ತಿಯಾದ ಕಾನ್‌ಸ್ಟಂಟೈನನು 321ರಲ್ಲಿ ಆದಿತ್ಯವಾರವನ್ನು ವಿಶ್ರಾಂತಿಯ ದಿನವನ್ನಾಗಿ ಮಾಡಿದಾಗಲೂ ನ್ಯಾಯಾಧಿಪತಿಗಳಿಗೂ ಪಟ್ಟಣದವರಿಗೂ ಬಿಡುವು ಕೊಟ್ಟು, ಒಕ್ಕಲಿಗರು ಬಿತ್ತನೆಯ ಹದವನ್ನು ಕಳೆದುಕೊಳ್ಳಬಾರದೆಂದು ಅವರಿಗೆ ಕೆಲಸಮಾಡುವ ಸ್ವಾತಂತ್ರ್ಯವನ್ನೇ ಕೊಟ್ಟನು. ಹೊಲವು ಕಾಯುವದಿಲ್ಲವೆಂದು ಒಬ್ಬ ಚಕ್ರವರ್ತಿಗೆ ತಿಳಿದಿತ್ತು. ರೋಹಿಣಿ ಮೃಗಶಿರ ಮಳೆಗಳು ಹದವಾಗಿ ಬಿದ್ದ ವಾರದಲ್ಲಿ ಹತ್ತು ಗಂಟೆಗೆ ಗಂಟೆಬಾರಿಸಿ, ಬಾರದವರ ಹೆಸರುಗಳನ್ನು ಬರೆದಿಡುವ ಹಿರಿಯರಿಗೆ ತಿಳಿಯಬಾರದೋ? ಅಂಥ ವಾರಗಳಲ್ಲಿ ಕೋಳಿ ಕೂಗುವ ಹೊತ್ತಿಗಾಗಲಿ ದೀಪ ಹಚ್ಚಿದ ಮೇಲಾಗಲಿ ಕೂಡಬಹುದು. ದೀಪ ಹಚ್ಚಿದ ಮೇಲೆ ಕೂಡುವದಾದರೆ ಪ್ರಸಂಗವು ಚಿಕ್ಕದಾಗಿರಲಿ. ತ್ರೋವದಲ್ಲಿ ಪೌಲನು ಮಧ್ಯರಾತ್ರಿಯ ವರೆಗೆ ಮಾತಾಡುತ್ತಿರಲು ಯೂತಿಕನೆಂಬ ಯೌವನಸ್ಥನು ನಿದ್ದೆಯ ಭಾರದಿಂದ ಕಿಟಿಕಿಯಿಂದ ಕೆಳಗೆ ಬಿದ್ದನು. ಬೋಧಕರು ಈ ಕಥೆಯನ್ನು ನಿದ್ದೆಮಾಡುವವರಿಗೆ ಎಚ್ಚರಿಕೆಯಾಗಿ ಹೇಳುವದೇ ಹೆಚ್ಚು. ಪೌಲನೋ ಅವನನ್ನು ಗದರಿಸಲಿಲ್ಲ. ಮಾತು ನಿಲ್ಲಿಸಿ, ಇಳಿದು ಹೋಗಿ, ಅವನನ್ನು ತಬ್ಬಿಕೊಂಡನು.

ಎರಡನೆಯ ಪಕ್ಷದವರಿಗೂ ಒಂದು ಮಾತು. ಡೋಲು ತಾಳಗಳಲ್ಲಿ ಪಾಪವಿಲ್ಲ. ಸಂತೋಷವು ಭಕ್ತಿಗೆ ವಿರೋಧವೂ ಅಲ್ಲ. ಎಜ್ರನ ದಿನದಲ್ಲಿ ಅತ್ತ ಜನರಿಗೆ, ಹೋಗಿ ಒಳ್ಳೇದನ್ನು ಉಂಡು ಕುಡಿದು ಸಂತೋಷಪಡಿರಿ, ಏನೂ ಸಿದ್ಧವಿಲ್ಲದವರಿಗೆ ಪಾಲು ಕಳುಹಿಸಿರಿ ಎಂದೇ ಅಪ್ಪಣೆಯಾಯಿತು. ಆದರೆ ಎಳೆಯಲ್ಪಟ್ಟು ಬಂದವನು ಇನ್ನೂ ಬಲವಾಗಿ ಎಳೆಯುವದು ಸಿಕ್ಕಿದ ಕಡೆಗೆ ಹೋಗುವನು; ಜಾತ್ರೆಯೊಂದಿಗೆ ಪಂತಕಟ್ಟಿ ಗೆದ್ದ ದೇವಾಲಯವು ಎಲ್ಲಿಯೂ ಇಲ್ಲ. ನಾಲ್ಕು ಮಂದಿ ಯೌವನಸ್ಥರು ಗಟ್ಟಿಯಾಗಿ ಹಾಡುವಾಗ ಉಳಿದವರು ಕೇಳಿಕೊಂಡು ಕೂಡ್ರುವದಾದರೆ, ಹಿಂದೆ ಪ್ರಸಂಗಿಯೊಬ್ಬನು ಮಾಡುತ್ತಿದ್ದದ್ದನ್ನೇ ಈಗ ನಾಲ್ವರು ಮಾಡಿದಂತಾಯಿತು. ಚಾಪೆಯ ಮೇಲಿನವಳು ಆಗಲೂ ಸುಮ್ಮನೆ ಕೂತಿದ್ದಳು, ಈಗಲೂ ಸುಮ್ಮನೆ ಕೂತಿದ್ದಾಳೆ.

ಹಾಗಾದರೆ ಸಿದ್ಧತೆಯಂದರೇನು? ಸುಮಾರು 155ರಲ್ಲಿ ಜಸ್ಟಿನ್ ಎಂಬ ರಕ್ತಸಾಕ್ಷಿಯು ರೋಮಾಪುರದಲ್ಲಿ ಬರೆದಿಟ್ಟ ವಿವರವು ನಮ್ಮ ಚಿಕ್ಕ ಸಭೆಗಳಿಗೆ ಈಗಲೂ ಸಾಕಾದದ್ದು. ಆದಿತ್ಯವಾರದಲ್ಲಿ ಪಟ್ಟಣದವರೂ ಹಳ್ಳಿಯವರೂ ಒಂದೇ ಸ್ಥಳದಲ್ಲಿ ಕೂಡುತ್ತಿದ್ದರು; ಹೊತ್ತಿಗೆ ತಕ್ಕಂತೆ ಅಪೊಸ್ತಲರ ಅಥವಾ ಪ್ರವಾದಿಗಳ ಬರಹಗಳು ಓದಲ್ಪಡುತ್ತಿದ್ದವು; ಅಧ್ಯಕ್ಷನು ಬುದ್ಧಿಹೇಳುತ್ತಿದ್ದನು; ಎಲ್ಲರೂ ಎದ್ದು ಪ್ರಾರ್ಥಿಸುತ್ತಿದ್ದರು; ರೊಟ್ಟಿಯ ಮೇಲೂ ಪಾತ್ರೆಯ ಮೇಲೂ ಸ್ತೋತ್ರವಾದಾಗ ಜನರು ಆಮೆನ್ ಎಂದು ಒಪ್ಪಿಕೊಳ್ಳುತ್ತಿದ್ದರು; ಬಾರದಿದ್ದವರ ಪಾಲನ್ನು ಸಭಾಸೇವಕರು ಅವರ ಮನೆಗೆ ಒಯ್ಯುತ್ತಿದ್ದರು; ಕೂಡಿದ ಕಾಣಿಕೆಯಿಂದ ದಿಕ್ಕಿಲ್ಲದ ಮಕ್ಕಳಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯವರಿಗೂ ಪರದೇಶಸ್ಥರಿಗೂ ಸಹಾಯವಾಗುತ್ತಿತ್ತು. ಇದರಲ್ಲಿ ಅರ್ಧ ಕೆಲಸವು, ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಎಂದು ಮೊದಲೇ ತಿಳಿಯದವರಿಂದ ಆಗತಕ್ಕದ್ದಲ್ಲ. ಶುಕ್ರವಾರ ಸಾಯಂಕಾಲದಲ್ಲಿ ಉಪದೇಶಿಯೂ ಇಬ್ಬರು ಹಿರಿಯರೂ ಒಬ್ಬ ತಾಯಿಯೂ ಅರ್ಧ ಗಂಟೆ ಕೂತು, ಓದತಕ್ಕ ಭಾಗವನ್ನು ಆರಿಸಿ, ಅದನ್ನು ಓದುವವನಿಗೆ ಅಂದೇ ತಿಳಿಸಿ, ಪ್ರಾರ್ಥನೆಯಲ್ಲಿ ಹೆಸರೆತ್ತಬೇಕಾದವರನ್ನು ನೆನಸಿಕೊಳ್ಳಲಿ. ಲೋಕದ ಎಲ್ಲಾ ರೋಗಿಗಳಿಗಾಗಿ ಎಂಬ ಪ್ರಾರ್ಥನೆಗೆ ಆಮೆನ್ ಅನ್ನುವದು ಸುಲಭ. ಕೆರೆಯ ಕೆಳಗಣ ಮನೆಯಲ್ಲಿ ಜ್ವರದಿಂದ ಮಲಗಿರುವ ಇಂಥವಳ ಮಗುವಿಗಾಗಿ ಎಂದರೆ, ಆಮೆನ್ ಅಂದವನು ಸಾಯಂಕಾಲ ಆ ದಾರಿಯಲ್ಲಿ ಹೋಗುವಾಗ ಬಾಗಲಲ್ಲಿ ನಿಂತು ವಿಚಾರಿಸದೆ ಇರಲಾರನು.

ಇನ್ನು ಎಲ್ಲಕ್ಕಿಂತ ಕಷ್ಟವಾದ ಮಾತು ಉಳಿದಿದೆ. ನಮ್ಮಲ್ಲಿ ಹಲವರು ಹಲವು ಜಾತಿಗಳಿಂದ ಬಂದವರು. ದೀಕ್ಷಾಸ್ನಾನದ ನೀರಿನಲ್ಲಿ ಅದು ಕರಗಿತೆಂದು ಹೇಳುತ್ತೇವೆ. ತಮಿಳು ನಾಡಿನ ತಂಜಾವೂರು ಮುಂತಾದ ಸಭೆಗಳಲ್ಲಿ ಜಾತಿಗೆ ತಕ್ಕ ಹಾಗೆ ಬೇರೆ ಬೇರೆ ಕೂಡ್ರುವದೂ ಭೋಜನಕ್ಕೆ ಬೇರೆ ಬೇರೆಯಾಗಿ ಬರುವದೂ ಬಹುಕಾಲ ನಡೆದಿತ್ತು. ಕಲ್ಕತ್ತೆಯ ಬಿಷಪರಾದ ದಾನಿಯೇಲ್ ವಿಲ್ಸನರು 1833ರಲ್ಲಿ ಪತ್ರವನ್ನು ಬರೆದು ಇದು ಒಡನೆ ನಿಲ್ಲಬೇಕೆಂದು ಅಪ್ಪಣೆಕೊಟ್ಟಾಗ ಅನೇಕರು ಭೇದವನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟರು. ದಕ್ಷಿಣ ಇಂಡಿಯಾ ಸಭೆಯು 1947ರಲ್ಲಿ ಏರ್ಪಟ್ಟ ಮೇಲೆ 1950ರಲ್ಲಿ ಹೊರಟ ಕರ್ತನ ಭೋಜನದ ಕ್ರಮದಲ್ಲಿ ಸುರಿಯಾನಿ ಸಭೆಗಳ ಒಂದು ಹಳೆಯ ವಾಡಿಕೆಯು ಸೇರಿಸಲ್ಪಟ್ಟಿತು. ಸಮಾಧಾನದ ಗುರುತು ಮೇಜಿನ ಬಳಿಯಿಂದ ಹೊರಟು ಕೈಯಿಂದ ಕೈಗೆ ಸಭೆಯೆಲ್ಲಾ ಸಂಚರಿಸಬೇಕು. ಒಬ್ಬನ ಬಲಅಂಗೈ ಇನ್ನೊಬ್ಬನ ಬಲಅಂಗೈಯನ್ನು ಮುಟ್ಟಬೇಕು, ಎಡಗೈ ಅದರ ಮೇಲೆ ಮುಚ್ಚಬೇಕು. ಮುಟ್ಟಿದರೆ ಮೈಲಿಗೆಯೆಂದಿದ್ದ ದೇಶದಲ್ಲಿ ಇಂಥ ಒಂದು ಕ್ರಮವನ್ನು ಆಲೋಚಿಸಿ ಬರೆದಿಟ್ಟವರು ಆತ್ಮನನ್ನು ಕಟ್ಟಿಹಾಕಿದರೆಂದು ಯಾರು ಹೇಳುವರು?

ಆದರೆ ಆ ಕೈಯು ಒಬ್ಬನ ಬಳಿಗೆ ಬಂದಾಗ ಅವನನ್ನು ದಾಟಿ ಮುಂದಿನವನಿಗೆ ಹೋದರೆ? ಅಥವಾ ದಾಯಾದಿಗಳಿಬ್ಬರು ಬದುವಿನ ವ್ಯಾಜ್ಯದಿಂದ ವರುಷಗಟ್ಟಲೆ ಮಾತುಬಿಟ್ಟು, ಅಂದು ಮಾತ್ರ ಕೈಮುಟ್ಟಿ ಮನೆಗೆ ಹೋದರೆ? ಆಗ ಆ ಗುರುತೇ ಸುಳ್ಳಾಯಿತು, ಬಿಟ್ಟುಬಿಡುವದೇ ಒಳ್ಳೇದು ಎಂದು ಕೆಲವರು ಅನ್ನುತ್ತಾರೆ. ನನಗೆ ಹಾಗೆ ತೋರುವದಿಲ್ಲ. ಕೈ ದಾಟಿಹೋದದ್ದು ಎಲ್ಲರ ಕಣ್ಣಿಗೆ ಬಿತ್ತಲ್ಲವೇ! ಗುರುತು ಇಲ್ಲದಿದ್ದರೆ ಭೇದವು ಹೋಗುತ್ತಿರಲಿಲ್ಲ, ಅಡಗಿರುತ್ತಿತ್ತು. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗಬೇಕೆಂದು ಕರ್ತನು ಹೇಳಿದಾಗ ಕಾಣಿಕೆಯನ್ನು ತರಲೇಬೇಡಿರಿ ಅನ್ನಲಿಲ್ಲ. ಹಿಂದಿರುಗಿ ಬಂದು ಅರ್ಪಿಸಬೇಕೆಂದು ಹೇಳಿದನು. ಆದಕಾರಣ ಶುಕ್ರವಾರ ಕೂತ ಹಿರಿಯರು ಗೀತದ ಸಂಖ್ಯೆಗಳನ್ನು ಬರೆದ ಮೇಲೆ, ಶನಿವಾರ ಯಾರ ಮನೆಗೆ ಹೋಗಬೇಕೆಂಬದನ್ನೂ ಬರೆದುಕೊಳ್ಳಲಿ. ಬದುವಿನ ಮೇಲೆ ಇಬ್ಬರನ್ನೂ ನಿಲ್ಲಿಸಿ ಮಾತಾಡಿಸುವದು ಆರಾಧನೆಯ ಸಿದ್ಧತೆಯೇ. ಮತ್ತು ಸಮಾಧಾನದ ಗುರುತನ್ನು ಯಾವಾಗಲೂ ಮುಂದಿನ ಬೆಂಚಿನ ದೊಡ್ಡವರಿಂದಲೇ ಹೊರಡಿಸಬೇಕಾದದ್ದಿಲ್ಲ. ಸಭಾಪಾಲಕರು ಮೇಜಿನ ಬಳಿಯಿಂದ ನೇರವಾಗಿ ಹಿಂದಿನ ಗೋಡೆಯ ವರೆಗೆ ನಡೆದುಹೋಗಿ, ಚಾಪೆಯ ಮೇಲೆ ಕೂತವಳ ಕೈಯಿಂದ ಅದನ್ನು ಪ್ರಾರಂಭಿಸಬಹುದು.